ದೊಡ್ಡಗದ್ದವಳ್ಳಿಯ ಕಲ್ಲೂ ದ್ರವ್ಯಗುಣ ವಿಚಾರವೂ

ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯನ್ನು ನಡುವೆ ಬಿಟ್ಟು, ಕೆರೆಯ ದಂಡೆಯ ಮೇಲಿರುವ ದೊಡ್ಡಗದ್ದವಳ್ಳಿಗೆ ತಿರುಗಿದವರಿಗೆ ಅಲ್ಲಿನ ಲಕ್ಷ್ಮೀದೇವಿಯ ಗುಡಿಯು ಮೊದಲು ಇತಿಹಾಸದ ವಿಷಯವಾಗಿಯೇ ತೋರುವುದು. ವಿಷ್ಣುವರ್ಧನನ ಆಳಿಕೆಯಲ್ಲಿ, ಕ್ರಿ. ಶ. 1113-14ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದ, ಮಲ್ಲೋಜ ಮಾಣಿಯೋಜನೆಂಬ ಶಿಲ್ಪಿಯ ಕೈಯಲ್ಲಿ ರೂಪುಗೊಂಡ, ನಡುಮಂಟಪವೊಂದಕ್ಕೆ ನಾಲ್ಕು ಗರ್ಭಗೃಹಗಳು ಕೂಡಿಕೊಂಡಿರುವ ಈ ಚತುಷ್ಕೂಟವನ್ನು ಕುರಿತು ಶಾಸನಜ್ಞರೂ ಶಿಲ್ಪಕಲಾರಸಿಕರೂ ಸಾಕಷ್ಟು ಬರೆದಿರುವರು. ಗುಡಿಯನ್ನು ಯಾರು ಕಟ್ಟಿಸಿದರು, ಯಾರಿಗಾಗಿ ಕಟ್ಟಿಸಿದರು, ಯಾವ ಶೈಲಿಯಲ್ಲಿ ಕಟ್ಟಿದರು ಎಂಬ ಪ್ರಶ್ನೆಗಳಿಗೆ ಹೀಗೆ ಉತ್ತರ ದೊರೆತಿದ್ದರೂ, ಯಾವುದರಿಂದ ಕಟ್ಟಿದರು ಎಂಬ ಪ್ರಶ್ನೆಗೆ ಮಾತ್ರ ‘ಬಳಪದ ಕಲ್ಲಿನಿಂದ’ ಎಂಬ ಎರಡು ಮಾತಿನ ಉತ್ತರವನ್ನಿತ್ತು ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ.

ಆ ಎರಡು ಮಾತಿನಲ್ಲಿ ಒಂದು ಶಾಸ್ತ್ರದ ಸಮಸ್ಯೆಗಳೆಲ್ಲ ಅಡಗಿವೆ. ಶಾಲೆಯ ಮಕ್ಕಳು ಹಲಗೆಯ ಮೇಲೆ ಬರೆಯುವ ಬಳಪದಷ್ಟು ಮೃದುವಾದ ಕಲ್ಲು ಒಂಬತ್ತು ಶತಮಾನಗಳ ಮಳೆಗಾಳಿಗಳನ್ನು ಹೇಗೆ ತಾಳಿತು? ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟನಾಗಿ ನಿಂತಿರುವ ಕಲ್ಲಿಗೂ ಇದಕ್ಕೂ ಇರುವ ಭೇದವು ಅವುಗಳಲ್ಲಿರುವ ಪದಾರ್ಥದ ಭೇದವೋ, ಆ ಪದಾರ್ಥವು ಕೂಡಿಕೊಂಡಿರುವ ಕ್ರಮದ ಭೇದವೋ? ದ್ರವ್ಯವೆಂದರೇನು, ಗುಣವೆಂದರೇನು, ಗುಣವು ದ್ರವ್ಯದಲ್ಲಿ ಎಲ್ಲಿ ನೆಲೆಸಿದೆ ಎಂಬ ರಸಾಯನಶಾಸ್ತ್ರದ ಮೂಲಪ್ರಶ್ನೆಯನ್ನು ಹಾಸನ ಸೀಮೆಯ ಕಲ್ಲು, ಸುಣ್ಣ, ಬೆಲ್ಲ, ಅದಿರುಗಳ ಆಧಾರದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಾಚೀನರ ಮತ

ಈ ಪ್ರಶ್ನೆಯು ನಮ್ಮ ದೇಶಕ್ಕೆ ಹೊಸದಲ್ಲ. ಕಣಾದನ ವೈಶೇಷಿಕದರ್ಶನವು ಪದಾರ್ಥಗಳನ್ನು ವಿಂಗಡಿಸುವಾಗ ಮೊದಲು ದ್ರವ್ಯವನ್ನೂ ಅದರ ಬಳಿಕ ಗುಣವನ್ನೂ ಹೇಳಿ, ಗುಣವು ದ್ರವ್ಯವನ್ನು ಆಶ್ರಯಿಸಿಯೇ ಇರತಕ್ಕದ್ದೆಂದು ನಿರ್ಣಯಿಸಿತು. ಸೂತ್ರಗಳಲ್ಲಿ 17 ಎಂದು ಎಣಿಕೆಯಾದ ಗುಣಗಳನ್ನು ಪ್ರಶಸ್ತಪಾದನು 24ಕ್ಕೆ ಬೆಳೆಸಿದನು. ರೂಪ, ರಸ, ಗಂಧ, ಸ್ಪರ್ಶಗಳಲ್ಲದೆ ಗುರುತ್ವ, ದ್ರವತ್ವ, ಸ್ನೇಹಗಳೂ ಆ ಪಟ್ಟಿಯಲ್ಲಿ ಸೇರಿರುವುದನ್ನು ನೋಡಿದರೆ, ಇಂದು ಪಾಠಪುಸ್ತಕಗಳಲ್ಲಿ ಬರುವ ಭೌತಿಕಗುಣಗಳ ಪಟ್ಟಿಯೊಂದನ್ನು ಓದಿದಂತೆಯೇ ಆಗುವುದು. ನೀರಿನ ದ್ರವತ್ವವು ಸಹಜವಾದುದು, ತುಪ್ಪ ಅರಗುಗಳ ದ್ರವತ್ವವು ಅಗ್ನಿಸಂಯೋಗದಿಂದ ಬಂದ ನೈಮಿತ್ತಿಕವಾದುದು ಎಂಬ ಅವರ ವಿವೇಚನೆಯಲ್ಲಿ ಸೂಕ್ಷ್ಮವಾದ ಅವಲೋಕನವಿದೆ. ಎಷ್ಟು ಕಾಯಿಸಿದರೂ ಸುಟ್ಟುಹೋಗದ ಬಂಗಾರವನ್ನು ಪೃಥಿವಿಯ ವರ್ಗದಿಂದ ತೆಗೆದು ತೇಜಸ್ಸಿನ ವರ್ಗಕ್ಕೆ ಸೇರಿಸಿದುದು ನಮಗೆ ಈಗ ವಿಚಿತ್ರವಾಗಿ ತೋರಬಹುದು. ಆದರೆ ಬೆಂಕಿಯೆದುರು ವಸ್ತುವು ಹೇಗೆ ವರ್ತಿಸುವುದೆಂಬುದನ್ನೇ ವರ್ಗೀಕರಣಕ್ಕೆ ಆಧಾರವಾಗಿ ಹಿಡಿದ ಆ ಪದ್ಧತಿಯು ರಸಾಯನಶಾಸ್ತ್ರದ ಪದ್ಧತಿಗೆ ದೂರವಾದುದಲ್ಲ.

ಇದಕ್ಕಿಂತಲೂ ಮನನೀಯವಾದುದು ಮಡಕೆಯನ್ನು ಕುರಿತು ಅವರು ನಡೆಸಿದ ವಾದ. ಹಸಿಮಡಕೆಯು ಕುಂಬಾರನ ಆವಿಗೆಯಲ್ಲಿ ಬೆಂದು ಕೆಂಪಾಗುವಾಗ ಬಣ್ಣವು ಬದಲಾಗುವುದು ಎಲ್ಲಿ? ಮಡಕೆಯು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಒಂದೊಂದು ಪರಮಾಣುವೂ ಹೊಸ ಬಣ್ಣವನ್ನು ಪಡೆದು, ಮತ್ತೆ ಕೂಡಿಕೊಂಡು ಮಡಕೆಯಾಗುವುದೆಂದು ವೈಶೇಷಿಕರು ಹೇಳಿದರು, ಇದು ಪೀಲುಪಾಕವಾದ. ಮಡಕೆಯು ಮಡಕೆಯಾಗಿಯೇ ಇದ್ದು ಅದರ ಇಡಿಯ ಒಡಲಿನಲ್ಲಿ ಬದಲಾವಣೆಯಾಗುವುದೆಂದು ನೈಯಾಯಿಕರು ಹೇಳಿದರು, ಇದು ಪಿಠರಪಾಕವಾದ. ಆಧುನಿಕ ಪರೀಕ್ಷೆಯ ಪ್ರಕಾರ, ಸುಮಾರು 500ರಿಂದ 600 ಡಿಗ್ರಿ ಶಾಖದಲ್ಲಿ ಜೇಡಿಯ ಕಣಗಳ ಒಳರಚನೆಯಲ್ಲಿ ಸೇರಿದ್ದ ನೀರು ಹೊರಬರುವುದು. ಅದರಲ್ಲಿದ್ದ ಕಬ್ಬಿಣದ ಹಳದಿ ಕಂದು ಸಂಯುಕ್ತಗಳು ಕೆಂಪು ಆಕ್ಸೈಡಾಗುವುವು. ಗಾಳಿಯಾಡದಂತೆ ಆವಿಗೆಯನ್ನು ಮುಚ್ಚಿದರೆ ಅದೇ ಮಡಕೆಯು ಕಪ್ಪಾಗುವುದು. ಬದಲಾವಣೆಯು ಪರಮಾಣುಗಳ ಸಂಬಂಧಗಳಲ್ಲಿ ನಡೆಯುವುದೆಂಬಲ್ಲಿ ವೈಶೇಷಿಕರದೂ, ಅದಕ್ಕಾಗಿ ಮಡಕೆಯು ಚೂರುಚೂರಾಗಬೇಕಾಗಿಲ್ಲವೆಂಬಲ್ಲಿ ನೈಯಾಯಿಕರದೂ ಮಾತು ನಿಂತಿತು. ಇವರೀರ್ವರೂ ತಕ್ಕಡಿಯನ್ನು ಹಿಡಿಯಲಿಲ್ಲ, ಹಸಿಮಡಕೆಯ ತೂಕವನ್ನೂ ಬೆಂದ ಮಡಕೆಯ ತೂಕವನ್ನೂ ಹೋಲಿಸಿ ನೋಡಲಿಲ್ಲ. ತರ್ಕವು ಅಷ್ಟು ದೂರ ನಡೆದು ಅಲ್ಲಿಯೇ ನಿಲ್ಲಲು ಇದೇ ಮುಖ್ಯವಾದ ಕಾರಣ.

ಅಳತೆಗೆ ಸಿಕ್ಕುವ ಗುಣಗಳು

ಗುಣಗಳಲ್ಲಿ ವಸ್ತುವಿನ ಪರಿಮಾಣವನ್ನು ಅನುಸರಿಸುವಂಥವು ಕೆಲವು. ಪರಿಮಾಣ ಎಷ್ಟೇ ಆದರೂ ಬದಲಾಗದಂಥವು ಕೆಲವು. ಗುಡಿಯ ಒಂದು ಕಂಬದ ತೂಕವೂ ಅದರಿಂದ ಉದುರಿದ ಒಂದು ಚಕ್ಕೆಯ ತೂಕವೂ ಒಂದೇ ಆಗಲಾರವು. ಆದರೆ ಎರಡರ ಸಾಂದ್ರತೆಯೂ ಒಂದೇ. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕಿನ ಸಾಂದ್ರತೆಯು ನೀರಿನ ಸಾಂದ್ರತೆಯ 2.7ರಿಂದ 2.8 ಪಟ್ಟು, ಬೆಣಚುಕಲ್ಲಿನದು 2.65, ಬಂಗಾರದ್ದು 19.3. ಮೃದುವಾದ ಬಳಪದ ಕಲ್ಲು ಗಡುಸಾದ ಬೆಣಚುಕಲ್ಲಿಗಿಂತ ತುಸು ಹೆಚ್ಚು ಸಾಂದ್ರವಾಗಿದೆ ಎಂಬ ಒಂದೇ ಸಂಗತಿಯು, ಭಾರವಾದುದೆಲ್ಲ ಗಟ್ಟಿಯೆಂಬ ಲೋಕರೂಢಿಯ ನಂಬಿಕೆಯನ್ನು ಅಲ್ಲಗಳೆಯಲು ಸಾಕು.

ಕಾಠಿಣ್ಯವನ್ನು ಅಳೆಯಲು ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ಒಂದು ಸರಳವಾದ ಮಾನವನ್ನು ಕಲ್ಪಿಸಿದನು. ಯಾವುದು ಯಾವುದನ್ನು ಗೀಚಬಲ್ಲುದೆಂಬುದನ್ನು ನೋಡಿ ಹತ್ತು ಖನಿಜಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದಾಗ, ಮೊದಲನೆಯ ಮೆಟ್ಟಿಲಿನಲ್ಲಿ ಟಾಲ್ಕೂ ಏಳನೆಯದರಲ್ಲಿ ಬೆಣಚೂ ಒಂಬತ್ತನೆಯದರಲ್ಲಿ ಕುರುಂದವೂ ಹತ್ತನೆಯದರಲ್ಲಿ ವಜ್ರವೂ ನಿಂತವು. ಉಗುರಿನ ಕಾಠಿಣ್ಯವು ಸುಮಾರು ಎರಡೂವರೆಯಾದುದರಿಂದ ಟಾಲ್ಕನ್ನು ಉಗುರಿನಿಂದಲೇ ಗೀರಬಹುದು. ಹೊಯ್ಸಳ ಶಿಲ್ಪಿಗಳು ಗೆರೆಗಳನ್ನು ಕೂದಲೆಳೆಯಷ್ಟು ತೆಳುವಾಗಿ ಕಂಡರಿಸಲೂ, ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಂತೆ ನುಣುಪುಗೊಳಿಸಲೂ ಅವಕಾಶವಾದುದು ಕಲ್ಲಿನ ಈ ಮೃದುತ್ವದಿಂದ. ಆದರೆ ಗೀಚಿಗೆ ಎದುರು ನಿಲ್ಲುವುದು, ಹೊರೆಯನ್ನು ಹೊರುವುದು, ಪೆಟ್ಟನ್ನು ತಾಳುವುದು, ಈ ಮೂರೂ ಬೇರೆ ಬೇರೆ ಗುಣಗಳು. ಗೀಚಿಗೆ ಸೋಲುವ ಕಲ್ಲು ಶಿಖರಗಳ ಭಾರವನ್ನು ಒಂಬೈನೂರು ವರ್ಷ ಹೊತ್ತಿತು. ಅದೇ ಗುಡಿಯ ಕಾಳಿಯ ವಿಗ್ರಹವು 2020ರ ನವೆಂಬರಿನಲ್ಲಿ ಒಡೆದು ಬಿದ್ದಿದ್ದುದು ಕಂಡುಬಂದಿತು. ಗಟ್ಟಿ ಎಂಬ ಒಂದೇ ಮಾತಿನಿಂದ ಇವುಗಳನ್ನೆಲ್ಲ ಸೂಚಿಸುವ ವ್ಯವಹಾರಭಾಷೆಯು ಶಾಸ್ತ್ರಕ್ಕೆ ಸಾಲದು.

ಇನ್ನು ಕೆಲವು ಗುಣಗಳು ವಸ್ತುವಿನ ಸ್ವಂತದ್ದೆಂದು ತೋರಿದರೂ ಪರಿಸರದೊಡನೆ ಅದಕ್ಕಿರುವ ಸಂಬಂಧದಿಂದ ಉಂಟಾದವು. ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುವುದೆಂದು ಹಾಸನದ ಹುಡುಗನೂ ಮಂಗಳೂರಿನ ಹುಡುಗನೂ ಒಂದೇ ಪಾಠವನ್ನು ಒಪ್ಪಿಸುವರು. ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರು ಎತ್ತರದಲ್ಲಿರುವ ಹಾಸನದಲ್ಲಿ ಗಾಳಿಯ ಒತ್ತಡವು ಕಡಮೆಯಾದುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಇದಕ್ಕೆ ವಿರುದ್ಧವಾಗಿ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಟ್ಟಿಯಾಗುತ್ತ ಬಂದಂತೆ, ಕರಗಿದ ಸಕ್ಕರೆಯ ಪ್ರಮಾಣವು ಏರಿ, ಬೆಲ್ಲವನ್ನು ಇಳಿಸುವ ಹೊತ್ತಿಗೆ ಪಾಕದ ಕುದಿತವು 110 ಡಿಗ್ರಿಯನ್ನೂ ಮೀರುವುದು. ಕುದಿಬಿಂದುವನ್ನು ಹೇಳುವಾಗ ಒತ್ತಡವನ್ನೂ ಶುದ್ಧತೆಯನ್ನೂ ಜೊತೆಗೆ ಹೇಳದಿದ್ದರೆ ಆ ಅಂಕೆಗೆ ಅರ್ಥವಿಲ್ಲ.

ಮಿಶ್ರಣ, ಸಂಯುಕ್ತ, ಧಾತು

ಶ್ರವಣಬೆಳಗೊಳದ ಬೆಟ್ಟದ ಕಲ್ಲನ್ನು ಒಡೆದು ಹತ್ತಿರದಿಂದ ನೋಡಿದರೆ ಗಾಜಿನಂತೆ ಹೊಳೆಯುವ ಬೆಣಚೂ, ಬಿಳಿ ಅಥವಾ ನಸುಗೆಂಪು ಬಣ್ಣದ ಫೆಲ್ಸ್ಪಾರೂ, ಕಪ್ಪಗೆ ಮಿನುಗುವ ಕಾಗೆಬಂಗಾರವೂ ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುವುವು. ಗ್ರಾನೈಟು ಹೀಗೆ ಒಂದು ಮಿಶ್ರಣ. ದೊಡ್ಡಗದ್ದವಳ್ಳಿಯ ಕಲ್ಲು ಕಣ್ಣಿಗೆ ಏಕರೂಪವಾಗಿ ತೋರಿದರೂ ಸೂಕ್ಷ್ಮದರ್ಶಕದ ಕೆಳಗೆ ಅದೂ ಮಿಶ್ರಣವೇ: ನುಣುಪಿಗೆ ಕಾರಣವಾದ ಟಾಲ್ಕು ಒಂದು, ಹಸುರುಛಾಯೆಗೆ ಕಾರಣವಾದ ಕ್ಲೋರೈಟು ಇನ್ನೊಂದು. ವಿದ್ವಾಂಸರು ಇದನ್ನು ಕ್ಲೋರೈಟಿನ ಪದರಶಿಲೆಯೆಂದು ಕರೆಯುವುದು ಈ ಕಾರಣದಿಂದ. ಮಿಶ್ರಣದಲ್ಲಿ ಅಂಗಗಳ ಪ್ರಮಾಣಕ್ಕೆ ಕಟ್ಟಳೆಯಿಲ್ಲ; ಪ್ರತಿಯೊಂದು ಅಂಗವೂ ತನ್ನ ಗುಣವನ್ನು ಉಳಿಸಿಕೊಂಡಿರುವುದು; ಭೌತಿಕವಾದ ಉಪಾಯಗಳಿಂದಲೇ ಅವುಗಳನ್ನು ಬೇರ್ಪಡಿಸಬಹುದು. 1916ರಿಂದ ಮೈಸೂರು ಸಂಸ್ಥಾನದ ಸರ್ಕಾರೀ ಕಾರ್ಖಾನೆಯಲ್ಲಿ ಗಂಧದ ಚಕ್ಕೆಗಳ ಮೂಲಕ ಹಬೆಯನ್ನು ಹಾಯಿಸಿ ಎಣ್ಣೆಯನ್ನು ಇಳಿಸತೊಡಗಿದುದು ಇಂಥ ಬೇರ್ಪಡಿಕೆಗೆ ಕನ್ನಡನಾಡಿನ ಪ್ರಸಿದ್ಧವಾದ ನಿದರ್ಶನ. ಆ ಎಣ್ಣೆಯು ಹೊಸದಾಗಿ ಹುಟ್ಟಿದುದಲ್ಲ. ಮರದಲ್ಲಿಯೇ ಇದ್ದು, ಹಬೆಯೊಡನೆ ಹೊರಟು, ತಂಪಾದಾಗ ನೀರಿನಿಂದ ಬೇರೆಯಾದುದು.

ಟಾಲ್ಕಾದರೋ ಸಂಯುಕ್ತ. ಮೂರು ಮೆಗ್ನೀಸಿಯಂ, ನಾಲ್ಕು ಸಿಲಿಕಾನ್, ಹನ್ನೆರಡು ಆಮ್ಲಜನಕ, ಎರಡು ಜಲಜನಕ, ಇಷ್ಟು ಪರಮಾಣುಗಳ ಲೆಕ್ಕದಲ್ಲಿ ಅದು ಎಲ್ಲಿ ದೊರೆತರೂ ಕೂಡಿಕೊಂಡಿರುವುದು. ತೂಕದಲ್ಲಿ ಹೇಳುವುದಾದರೆ 100 ಪಾಲು ಶುದ್ಧ ಟಾಲ್ಕಿನಲ್ಲಿ ಸುಮಾರು 63 ಪಾಲು ಸಿಲಿಕ, 32 ಪಾಲು ಮೆಗ್ನೀಸಿಯ, ಉಳಿದುದು ನೀರು. ಬೆಳಗಿಹೋಗುವ ಬಿಳಿಲೋಹವಾದ ಮೆಗ್ನೀಸಿಯಮ್ಮಿನ ಗುಣವಾಗಲಿ, ಉರಿಯುವ ಅನಿಲವಾದ ಜಲಜನಕದ ಗುಣವಾಗಲಿ ಈ ತಣ್ಣಗಿನ ಕಲ್ಲಿನಲ್ಲಿ ಲೇಶಮಾತ್ರವೂ ಕಾಣಬರುವುದಿಲ್ಲ. ಸಂಯುಕ್ತದ ಗುಣಗಳು ಅದರ ಧಾತುಗಳ ಗುಣಗಳ ಮೊತ್ತವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುವುದು.

ಧಾತುವೆಂದರೇನೆಂಬುದನ್ನು ನಿಶ್ಚಯಿಸುವುದಕ್ಕೆ ಯೂರೋಪಿನ ಪಂಡಿತರಿಗೆ ಬಹುಕಾಲ ಹಿಡಿಯಿತು. ಲವಾಸಿಯೇ 1789ರಲ್ಲಿ ತನ್ನ ಪ್ರಸಿದ್ಧ ಗ್ರಂಥದಲ್ಲಿ 33 ಸರಳವಸ್ತುಗಳ ಪಟ್ಟಿಯನ್ನು ಕೊಟ್ಟನು. ಇನ್ನು ಮುಂದೆ ಒಡೆಯಲಾಗದ ವಸ್ತುವೇ ಧಾತು ಎಂಬುದು ಆತನ ಒರೆಗಲ್ಲು. ಆ ಪಟ್ಟಿಯಲ್ಲಿ ಸುಣ್ಣ, ಮೆಗ್ನೀಸಿಯ, ಸಿಲಿಕ ಇವೂ ಸೇರಿದ್ದವು; ಎಂದರೆ ನಮ್ಮ ಬಳಪದ ಕಲ್ಲಿನ ಎರಡು ಪ್ರಧಾನ ಅಂಗಗಳನ್ನೂ ಆತನು ಧಾತುಗಳೆಂದೇ ಎಣಿಸಿದನು. ಹಂಫ್ರಿ ಡೇವಿಯು ವಿದ್ಯುತ್ತಿನ ನೆರವಿನಿಂದ 1808ರಲ್ಲಿ ಮೆಗ್ನೀಸಿಯದೊಳಗಿನ ಲೋಹವನ್ನು ಬಿಡಿಸಿದನು. ಬರ್ಜೀಲಿಯಸ್ಸನು 1824ರಲ್ಲಿ ಸಿಲಿಕಾನನ್ನು ಬೇರ್ಪಡಿಸಿದನು. ಒಡೆಯುವ ಉಪಕರಣವು ಬಲಗೊಂಡಂತೆ ಧಾತುವೆಂಬ ಪದವಿಯು ಹೀಗೆ ಕೆಲವಕ್ಕೆ ತಪ್ಪಿತು, ಕೆಲವಕ್ಕೆ ಹೊಸದಾಗಿ ದೊರೆಯಿತು. 1869ರಲ್ಲಿ ಮೆಂಡಲೀವನು ಕೋಷ್ಟಕವನ್ನು ರಚಿಸಿದಾಗ ತಿಳಿದಿದ್ದ ಧಾತುಗಳು 63, ಇಂದು 118. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲನೆಯ ನಿರ್ದೇಶಕ ಮಾರಿಸ್ ಟ್ರಾವರ್ಸನು, ಅದಕ್ಕೆ ಮೊದಲು 1898ರಲ್ಲಿ, ವಿಲಿಯಂ ರ್‍ಯಾಮ್ಸೆಯೊಡನೆ ಕೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಮೂರು ಧಾತುಗಳನ್ನು ಗಾಳಿಯಿಂದ ಹೊರತೆಗೆದವನು. ಧಾತುವನ್ನು ನಿಶ್ಚಯವಾಗಿ ಗುರುತಿಸುವ ಆಧಾರವು ಅದರ ತೂಕವಲ್ಲ, ಪರಮಾಣುಬೀಜದಲ್ಲಿರುವ ವಿದ್ಯುದಂಶದ ಸಂಖ್ಯೆ ಎಂಬುದು ಮೋಸ್ಲಿಯ 1913ರ ಪ್ರಯೋಗಗಳಿಂದ ನೆಲೆಗೊಂಡಿತು.

ಬದಲಾವಣೆಯ ವಿಚಾರ

ಭೌತಿಕ ಬದಲಾವಣೆಯಲ್ಲಿ ವಸ್ತುವು ಅದೇ ಆಗಿ ಉಳಿದು ರೂಪವಷ್ಟೇ ಬೇರೆಯಾಗುವುದು, ರಾಸಾಯನಿಕ ಬದಲಾವಣೆಯಲ್ಲಿ ವಸ್ತುವೇ ಬೇರೆಯಾಗುವುದು, ಎಂದು ಪಾಠಪುಸ್ತಕಗಳು ಹೇಳುವುವು. ಈ ವಿಭಾಗಕ್ಕೆ ಸುಣ್ಣಕ್ಕಿಂತ ಒಳ್ಳೆಯ ಸಾಕ್ಷಿ ದುರ್ಲಭ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಒಡ್ಡಿದರೆ 100 ಪಾಲು ಕಲ್ಲಿನಿಂದ 56 ಪಾಲು ಸುಟ್ಟ ಸುಣ್ಣವೂ 44 ಪಾಲು ಇಂಗಾಲದ ಡೈ ಆಕ್ಸೈಡೂ ಉಂಟಾಗುವುವು. ಗೂಡಿನ ಕೆಲಸದವನಿಗೆ ಕಲ್ಲಿನ ತೂಕವು ಸುಮಾರು ಅರ್ಧಕ್ಕಿಳಿದಂತೆ ತೋರಿದರೂ, ಹೊರಬಂದ ಅನಿಲವನ್ನು ಹಿಡಿದು ತೂಗಿದರೆ ಮೊತ್ತದಲ್ಲಿ ಕೊರತೆಯಿಲ್ಲ. ದ್ರವ್ಯರಾಶಿಯು ನಾಶವಾಗುವುದಿಲ್ಲವೆಂಬ ಲವಾಸಿಯೇಯ ನಿಯಮದ ತಾತ್ಪರ್ಯವು ಇದೇ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತನೆ ಕುದಿದು ಅರಳುವುದು. ಅರಳಿದ ಸುಣ್ಣವು ಗೋಡೆಯ ಮೇಲೆ ಗಾಳಿಯ ಇಂಗಾಲಾಂಶವನ್ನು ಹೀರಿ ಕಾಲಕ್ರಮದಲ್ಲಿ ಮತ್ತೆ ಮೊದಲಿನ ಕಲ್ಲಿನ ಪದಾರ್ಥವೇ ಆಗುವುದು. ಅರಿಶಿನದ ನೀರಿಗೆ ಇದೇ ಸುಣ್ಣವನ್ನು ಸೇರಿಸಿದಾಗ ಆರತಿಯ ತಟ್ಟೆ ಕೆಂಪಾಗುವುದನ್ನೂ, ಆ ಕೆಂಪಿಗೆ ನಿಂಬೆಯ ಹುಳಿಯನ್ನು ಹಿಂಡಿದರೆ ಹಳದಿ ಮರಳುವುದನ್ನೂ ನೋಡದ ಮನೆಯಿಲ್ಲ. ಕ್ಷಾರವನ್ನೂ ಆಮ್ಲವನ್ನೂ ಗುರುತಿಸುವ ಸೂಚಕದ್ರವ್ಯವು ಹೀಗೆ ನಮ್ಮ ಪೂಜೆಯ ಬಟ್ಟಲಿನಲ್ಲಿಯೇ ಇದೆ.

ಆದರೆ ಎಲ್ಲ ಬದಲಾವಣೆಗಳೂ ಇಷ್ಟು ಸಲೀಸಾಗಿ ಎರಡು ಪಂಗಡಗಳಾಗಿ ಒಡೆಯುವುದಿಲ್ಲ. ಕಬ್ಬಿನ ಹಾಲಿನಿಂದ ನೀರನ್ನು ಆವಿಯಾಗಿಸುವುದು ಭೌತಿಕವೆನ್ನೋಣ. ಹುಳಿಯನ್ನು ಮುರಿಯಲು ಅದಕ್ಕೆ ಸುಣ್ಣವನ್ನು ಸೇರಿಸುವುದು ರಾಸಾಯನಿಕ. ಬೆಂಡೆಯ ಗಿಡದ ಲೋಳೆಯಲ್ಲಿ ಕಶ್ಮಲವನ್ನು ಹಿಡಿದೆತ್ತುವುದು ಮತ್ತೊಂದು ಬಗೆ. ಕೊನೆಯ ಬಿಸಿಯಲ್ಲಿ ಸಕ್ಕರೆಯ ಒಂದು ಭಾಗವು ಗ್ಲೂಕೋಸು ಫ್ರಕ್ಟೋಸುಗಳಾಗಿ ಒಡೆದು, ಬಣ್ಣವೂ ಕಂಪೂ ಹುಟ್ಟುವುದು ಮತ್ತೆ ರಾಸಾಯನಿಕ. ಅಚ್ಚಿನಲ್ಲಿ ಹೆಪ್ಪುಗಟ್ಟಿದ ಒಂದು ಬೆಲ್ಲದಲ್ಲಿ ಇವೆಲ್ಲವೂ ಕಲೆತಿರುವಾಗ, ಬೆಲ್ಲ ಮಾಡುವುದು ಯಾವ ಬಗೆಯ ಬದಲಾವಣೆಯೆಂದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯನ್ನು ಕೇಳುವುದು ನ್ಯಾಯವಲ್ಲ.

ಬಳಪದ ಕಲ್ಲಿನಲ್ಲಿಯೂ ಈ ವಿವೇಚನೆ ಅವಶ್ಯಕ. ಗಣಿಯಿಂದ ತೆಗೆದಾಗ ಮೃದುವಾಗಿದ್ದ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವುದೆಂಬ ಮಾತು ಹೊಯ್ಸಳ ಶಿಲ್ಪವನ್ನು ಕುರಿತ ಬರೆಹಗಳಲ್ಲೆಲ್ಲ ಬರುವುದು. ಕಲ್ಲಿನ ಸಂದುಗಳಲ್ಲಿದ್ದ ಗಣಿಯ ತೇವವು ಆರಿ ಮೇಲ್ಮೈಗೆ ಬಿಗಿ ಬರುವುದು ಒಂದು. ಕಲ್ಲಿನ ಖನಿಜವೇ ಬೇರೊಂದಾಗುವುದು ಇನ್ನೊಂದು. ಎರಡನೆಯದು ಗಾಳಿಯಿಂದ ಆಗುವುದಿಲ್ಲ, ಬೆಂಕಿಯಿಂದ ಆಗುವುದು. ಸುಮಾರು 800 ಡಿಗ್ರಿಯನ್ನು ಮೀರಿ ಕಾಯಿಸಿದಾಗ ಟಾಲ್ಕು ತನ್ನ ಒಳರಚನೆಯಲ್ಲಿದ್ದ ನೀರನ್ನು ಬಿಟ್ಟುಕೊಟ್ಟು ಬೇರೆ ಖನಿಜಗಳಾಗಿ ಮಾರ್ಪಟ್ಟು, ಉಗುರಿಗೆ ಸೋಲುತ್ತಿದ್ದುದು ಚಾಕುವಿಗೂ ಸೋಲದಂತಾಗುವುದು. ಸಿಂಧೂ ಕಣಿವೆಯ ಮುದ್ರೆಗಳನ್ನು ಇದೇ ಜಾತಿಯ ಮೆದುಗಲ್ಲಿನಲ್ಲಿ ಕೆತ್ತಿ, ಬಳಿಕ ಸುಟ್ಟು ಗಡುಸುಗೊಳಿಸಿದವರು ಈ ಗುಣವನ್ನು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಹುಳಿಗೆ ಕರಗದ ಗುಣವೂ ಈ ಕಲ್ಲಿಗಿದೆ. ಉಪ್ಪಿನಕಾಯಿಯನ್ನೂ ಹುಣಿಸೆಹುಳಿಯ ಅಡುಗೆಯನ್ನೂ ಕಲ್ಲಿನ ಮರಿಗೆಯಲ್ಲಿ ಇಡುತ್ತಿದ್ದುದಕ್ಕೆ ಆಧಾರವೂ ಇದೇ. ಸುಣ್ಣದ ಕಲ್ಲಿನಲ್ಲಾಗಲಿ ಅಮೃತಶಿಲೆಯಲ್ಲಾಗಲಿ ಹುಳಿಯು ತಗುಲಿದೊಡನೆ ನೊರೆಯೆದ್ದು ಕಲ್ಲು ಕ್ಷಯಿಸುವುದು. ದೊಡ್ಡಗದ್ದವಳ್ಳಿಯ ಗುಡಿಯ ಬಾಳಿಕೆಗೆ ಕಾಠಿಣ್ಯಕ್ಕಿಂತ ಹೆಚ್ಚಾಗಿ ಈ ರಾಸಾಯನಿಕ ಔದಾಸೀನ್ಯವೇ ನೆರವಾಯಿತೆಂದು ಭಾವಿಸುವುದು ಯುಕ್ತ.

ಪ್ರಮಾಣದ ವಾದ

ಸಂಯುಕ್ತದಲ್ಲಿ ಧಾತುಗಳು ಯಾವಾಗಲೂ ಒಂದೇ ಪ್ರಮಾಣದಲ್ಲಿ ಕೂಡುವುವೋ ಅಥವಾ ಆ ಪ್ರಮಾಣವು ಸಂದರ್ಭವನ್ನು ಅನುಸರಿಸಿ ಹೆಚ್ಚು ಕಡಮೆಯಾಗಬಹುದೋ ಎಂಬುದನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರೂಸ್ಟ್, ಬರ್ತೊಲೆ ಎಂಬ ಇಬ್ಬರು ಫ್ರೆಂಚ್ ಪಂಡಿತರ ನಡುವೆ ಹಲವು ವರ್ಷಗಳ ವಾದವು ನಡೆಯಿತು. ಪ್ರಮಾಣವು ಸ್ಥಿರವೆಂದ ಪ್ರೂಸ್ಟನ ಪಕ್ಷವು ಗೆದ್ದಿತು. ಪೂರ್ಣಸಂಖ್ಯೆಯ ಪರಮಾಣುಗಳೇ ಕೂಡುವುದರಿಂದ ಪ್ರಮಾಣವು ಸ್ಥಿರವಾಗಿರಲೇಬೇಕೆಂದು 1808ರಲ್ಲಿ ಪ್ರಕಟವಾದ ಡಾಲ್ಟನ್ನನ ಗ್ರಂಥವು ಅದಕ್ಕೆ ಕಾರಣವನ್ನೂ ಒದಗಿಸಿತು. ನಮ್ಮ ಶಾಲೆಗಳಲ್ಲಿ ಕಥೆಯು ಇಲ್ಲಿಗೇ ಮುಗಿಯುವುದು.

ಹಾಸನದ ಖನಿಜಗಳಾದರೋ ಸೋತ ಬರ್ತೊಲೆಯ ಪರವಾಗಿಯೂ ಸಾಕ್ಷಿ ನುಡಿಯುವುವು. ಗುಡಿಯ ಕಲ್ಲಿಗೆ ಹಸುರನ್ನಿತ್ತ ಕ್ಲೋರೈಟಿನಲ್ಲಿ ಮೆಗ್ನೀಸಿಯಮ್ಮಿನ ನೆಲೆಯಲ್ಲಿ ಕಬ್ಬಿಣವು ಒಂದೆಡೆ ಕಡಮೆಯಾಗಿಯೂ ಇನ್ನೊಂದೆಡೆ ಹೆಚ್ಚಾಗಿಯೂ ಸೇರಿರುವುದು. ಇಂತಿಷ್ಟೇ ಎಂಬ ನಿರ್ಬಂಧವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಹೆಸರಿನಿಂದ ಪ್ರಸಿದ್ಧವಾದ ಶಿಲಾಪಟ್ಟಿಯಲ್ಲಿ ಬೈರಾಪುರವೇ ಮೊದಲಾದ ಕಡೆಗಳಲ್ಲಿ ತೆಗೆದ ಕ್ರೋಮೈಟ್ ಅದಿರೂ ಹೀಗೆಯೇ. ಒಂದು ಕಬ್ಬಿಣ, ಎರಡು ಕ್ರೋಮಿಯಂ, ನಾಲ್ಕು ಆಮ್ಲಜನಕ ಎಂಬುದು ಪುಸ್ತಕದ ಲೆಕ್ಕ. ಭೂಮಿಯಲ್ಲಿ ದೊರೆಯುವ ಅದಿರಿನಲ್ಲಿ ಕಬ್ಬಿಣದ ಸ್ಥಾನವನ್ನು ಮೆಗ್ನೀಸಿಯಮ್ಮೂ ಕ್ರೋಮಿಯಮ್ಮಿನ ಸ್ಥಾನವನ್ನು ಅಲ್ಯೂಮಿನಿಯಮ್ಮೂ ಬೇರೆಬೇರೆ ಪ್ರಮಾಣದಲ್ಲಿ ಆಕ್ರಮಿಸಿರುವುವು. ಅದಿರಿನ ಬೆಲೆಯನ್ನು ಕಟ್ಟುವವರು ಕ್ರೋಮಿಯಮ್ಮಿಗೂ ಕಬ್ಬಿಣಕ್ಕೂ ಇರುವ ಅನುಪಾತವನ್ನು ಮೊದಲು ಕೇಳುವುದಕ್ಕೆ ಕಾರಣವು ಇದೇ. ಅಣುಗಳಾಗಿ ಬಿಡಿಯಾಗಿರುವ ನೀರು, ಇಂಗಾಲದ ಡೈ ಆಕ್ಸೈಡ್ ಮೊದಲಾದವಕ್ಕೆ ಪ್ರೂಸ್ಟನ ನಿಯಮವು ಚಾಚೂ ತಪ್ಪದೆ ಸಲ್ಲುವುದು. ಪರಮಾಣುಗಳು ಕೊನೆಯಿಲ್ಲದ ಜಾಲವಾಗಿ ಹೆಣೆದುಕೊಂಡಿರುವ ಘನವಸ್ತುಗಳಲ್ಲಿ, ಗಾತ್ರವು ಹೊಂದಿದರೆ ಒಂದರ ನೆಲೆಯಲ್ಲಿ ಇನ್ನೊಂದು ಕೂರಬಹುದು. ಬೆಂಗಳೂರಿನಲ್ಲಿ ಹುಟ್ಟಿ, ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಲೋಕಮಾನ್ಯರಾದ ಸಿ. ಎನ್. ಆರ್. ರಾವ್ ಅವರ ಜೀವಮಾನದ ಸಂಶೋಧನೆಯ ಬಹುಭಾಗವು ಇಂಥ ಹೆಣಿಗೆಗಳನ್ನು ಕುರಿತದ್ದು.

ಗುಣದ ನೆಲೆ

ಇಷ್ಟನ್ನೂ ಕೂಡಿಸಿ ನೋಡಿದಾಗ ಮೂಲಪ್ರಶ್ನೆಗೆ ಉತ್ತರವು ದೊರೆಯುವುದು. ಸಿಲಿಕಾನಿನ ಒಂದು ಪರಮಾಣುವನ್ನು ನಾಲ್ಕು ಆಮ್ಲಜನಕಗಳು ಸುತ್ತುವರಿದ ಚತುರ್ಮುಖವು ಈ ಸೀಮೆಯ ಬಹುತೇಕ ಕಲ್ಲುಗಳಿಗೆ ಸಮಾನವಾದ ಘಟಕ. ಆ ಘಟಕಗಳು ಎಲ್ಲ ದಿಕ್ಕುಗಳಲ್ಲಿಯೂ ಒಂದನ್ನೊಂದು ಹಿಡಿದು ಜಾಲವಾದರೆ ಬೆಣಚು. ಅದಕ್ಕೆ ಸಡಿಲವಾದ ದಿಕ್ಕೇ ಇಲ್ಲ, ಆದುದರಿಂದ ಅದು ಗಡುಸು. ಸರಪಳಿಗಳಾಗಿ ಉದ್ದಕ್ಕೆ ಸಾಗಿದರೆ ಹೊಳೆನರಸೀಪುರದ ಸುತ್ತಣ ಶಿಲೆಗಳಲ್ಲಿ ದೊರೆಯುವಂಥ ಕಲ್ನಾರು. ಅದು ಎಳೆಎಳೆಯಾಗಿ ಬಿಡುವುದು, ಬೆಂಕಿಗೆ ಬೇಯದು, ಆದರೆ ಆ ಎಳೆಗಳೇ ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕರೆ ಮಾರಕವಾದ ರೋಗವನ್ನು ತರುವುವು. ಹಾಳೆಗಳಾಗಿ ಹರಡಿದರೆ ಟಾಲ್ಕು: ಕಟ್ಟಿದ ದಾರವನ್ನು ಬಿಚ್ಚಿದ ತಾಳೆಗರಿಯ ಹೊತ್ತಗೆಯಂತೆ, ಗರಿಯೊಂದೊಂದೂ ತನ್ನಷ್ಟಕ್ಕೆ ಗಟ್ಟಿ, ಗರಿಗೂ ಗರಿಗೂ ನಡುವೆ ಬಿಗಿಯಿಲ್ಲ. ಬೆರಳಿಗೆ ನುಣುಪೂ, ಉಳಿಗೆ ಮೃದುವೂ ಆಗಿರುವ ಗುಣವು ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಬಂದುದು.

ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ದೊರೆಯುವ ಕಯನೈಟೆಂಬ ನೀಲಿಖನಿಜವು ಇದನ್ನು ಇನ್ನೂ ಸ್ಫುಟಗೊಳಿಸುವುದು. ಒಂದೇ ಹರಳನ್ನು ಉದ್ದಕ್ಕೆ ಗೀಚಿದರೆ ಅದರ ಕಾಠಿಣ್ಯವು ಸುಮಾರು ನಾಲ್ಕೂವರೆ, ಅಡ್ಡಕ್ಕೆ ಗೀಚಿದರೆ ಆರೂವರೆಗೂ ಮೇಲು. ವಸ್ತು ಒಂದೇ, ದಿಕ್ಕು ಬೇರೆ, ಗುಣವೂ ಬೇರೆ. ಅದೇ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕಗಳು ಅದೇ ಲೆಕ್ಕದಲ್ಲಿ, ಬೇರೆ ಶಾಖ ಒತ್ತಡಗಳಲ್ಲಿ ಕೂಡಿದಾಗ ಆಂಡಲೂಸೈಟು, ಸಿಲಿಮನೈಟುಗಳೆಂಬ ಬೇರೆ ಖನಿಜಗಳಾಗುವುವು. ಪೆನ್ಸಿಲಿನ ಗ್ರಾಫೈಟೂ ಉಂಗುರದ ವಜ್ರವೂ ಇಂಗಾಲವೇ ಎಂಬ ಪ್ರಸಿದ್ಧ ದೃಷ್ಟಾಂತವು ಹೇಳುವುದೂ ಇದನ್ನೇ.

ಜೋಡಣೆಯೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದು ಪರಮಾಣುವಿನ ಸ್ಥಿತಿ. 1797ರಲ್ಲಿ ವೋಕ್ಲಾನನು ಕಂಡುಹಿಡಿದ ಕ್ರೋಮಿಯಮ್ಮು ಬೈರಾಪುರದ ಅದಿರಿನಲ್ಲಿ ಕಪ್ಪಾಗಿ ಅಡಗಿದೆ. ಬಣ್ಣವಿಲ್ಲದ ಕುರುಂದದಲ್ಲಿ ಲವಮಾತ್ರ ಸೇರಿದರೆ ಮಾಣಿಕ್ಯದ ಕೆಂಪನ್ನು ಕೊಡುವುದು. ಕಬ್ಬಿಣದಲ್ಲಿ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕೂಡಿದರೆ ಮೇಲ್ಮೈಯಲ್ಲಿ ಕಾಣದಷ್ಟು ತೆಳುವಾದ ಪೊರೆಯನ್ನು ಹರಡಿ ಅಡುಗೆಮನೆಯ ಸ್ಟೀಲು ಪಾತ್ರೆಯನ್ನು ತುಕ್ಕಿನಿಂದ ಕಾಪಾಡುವುದು. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕ್ರೋಮಿಯಮ್ಮು ಬಹುಮಟ್ಟಿಗೆ ನಿರಪಾಯಕರ. ಆರನ್ನು ಕಳೆದುಕೊಂಡ ಸ್ಥಿತಿಯಲ್ಲಿರುವುದು ನೀರಿನಲ್ಲಿ ಕರಗುವ ಘೋರ ವಿಷ. ಧಾತುವಿನ ಹೆಸರನ್ನು ಮಾತ್ರ ಕೇಳಿ ಗುಣದೋಷವನ್ನು ನಿರ್ಣಯಿಸುವವರು ಈ ಭೇದವನ್ನು ಮರೆಯಬಾರದು.

ಈ ಕಲ್ಲುಗಳ ಕುಲಚರಿತ್ರೆಯೂ ಇದಕ್ಕೆ ಹೊಂದುವುದು. ಗೊರೂರು ಹಾಸನಗಳ ಸುತ್ತಣ ಪುರಾತನ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಆ ಪ್ರಾಚೀನಕಾಲದಲ್ಲಿ ಭೂಗರ್ಭದಿಂದ ಉಕ್ಕಿ ಬಂದ, ಮೆಗ್ನೀಸಿಯಂ ತುಂಬಿದ ಶಿಲಾರಸವು ತಣಿದಾಗ ಭಾರವಾದ ಕ್ರೋಮೈಟಿನ ಹರಳುಗಳು ಪದರಗಳಾಗಿ ನೆಲೆಗೊಂಡವು. ಉಳಿದ ಕಲ್ಲಿನೊಳಗೆ ಬಿಸಿನೀರೂ ಸಿಲಿಕವೂ ಇಂಗಾಲಾಂಶವೂ ಹೊಕ್ಕು ಅದನ್ನು ಕ್ರಮೇಣ ಟಾಲ್ಕಾಗಿ ಮಾರ್ಪಡಿಸಿದವು. ಉಕ್ಕನ್ನು ಬಲಪಡಿಸುವ ಅದಿರೂ ಉಗುರಿಗೆ ಸೋಲುವ ಬಳಪವೂ ಒಂದೇ ಬಸಿರಿನ ಮಕ್ಕಳು.

ಕನ್ನಡದಲ್ಲಿ ಈ ವಿಚಾರಗಳನ್ನು ಹೇಳುವ ಪ್ರಯತ್ನಕ್ಕೆ ಶತಮಾನವು ಮೀರಿದ ಪರಂಪರೆಯಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು, ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯನ್ನು ಕೊಟ್ಟರು. ಮಾತಿನ ಕೊರತೆ ನಮಗಿಲ್ಲ. ನಮ್ಮ ತರಗತಿಗಳಲ್ಲಿರುವ ಕೊರತೆಯು ಮಾತಿಗೂ ವಸ್ತುವಿಗೂ ನಡುವಣ ಅಂತರ. ಹಾಸನದ ಮಗುವು ದ್ರವ್ಯದ ಗುಣಗಳನ್ನು ಎಂದೂ ಕಾಣದ ದೇಶದ ಉದಾಹರಣೆಗಳಿಂದ ಕಂಠಪಾಠ ಮಾಡುವುದು. ಅದರ ಕೈಯಲ್ಲಿರುವ ಬಳಪವಾದರೋ ಪಾಠದಲ್ಲಿ ಸೇರುವುದೇ ಇಲ್ಲ.

ಆದುದರಿಂದ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಒಂದು ತುಂಡು ಬಳಪ, ಒಂದು ಬೆಣಚುಕಲ್ಲು, ಚಿಟಿಕೆ ಅರಿಶಿನ, ಸ್ವಲ್ಪ ಸುಣ್ಣ, ಒಂದು ನಿಂಬೆಹಣ್ಣು, ಒಂದು ತಕ್ಕಡಿ ಇಷ್ಟನ್ನು ಮೇಜಿನ ಮೇಲಿಟ್ಟು, ಗೀಚುವುದು, ತೂಗುವುದು, ಕಲಸುವುದು, ಹುಳಿ ಹಿಂಡುವುದು ಎಂಬ ನಾಲ್ಕು ಕೆಲಸಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ವ್ಯಾಖ್ಯೆಗಳನ್ನು ಆ ಮೇಲೆ ಬರೆಸಿರಿ. ದೊಡ್ಡಗದ್ದವಳ್ಳಿಗೂ ಅವರನ್ನು ಕರೆದೊಯ್ಯಿರಿ. ಅಲ್ಲಿ ಮಾತ್ರ ಕಲ್ಲನ್ನು ಗೀಚದೆ ಕಣ್ಣಿನಿಂದ ಪರೀಕ್ಷಿಸುವುದನ್ನು ಕಲಿಸಿರಿ, ಏಕೆಂದರೆ ಒಂಬತ್ತು ಶತಮಾನ ಬಾಳಿದ ಆ ಕಲ್ಲು ಉಗುರಿಗೂ ಸೋಲುವಷ್ಟು ಮೃದುವಾದುದು.